ಮೂರು ದಿಕ್ಕಿಗೂ ಸೊನ್ನೆ

ಎಸಿಯಿಂದ ನೀರು ತೊಟ್ಟಿಕ್ಕುತ್ತಿದೆ, ಕೆಳಗಿಟ್ಟ ಪೇಂಟ್ ಡಬ್ಬಿಯೊಳಗೆ ಟಪ್ ಎಂದು ಒಂದು ಹನಿ, ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಇನ್ನೊಂದು, ಹಡಗು ಹತ್ತಿ ಬಂದ ಮೊಬೈಲ್ ಕಂಪನಿಯ ಯಂತ್ರಕ್ಕೆ ಪೇಂಟ್ ಡಬ್ಬಿಯ ಕಾವಲು, ರಿಪೇರಿಯವನನ್ನು ಕರೆಸಬೇಕು ಅಂದುಕೊಳ್ಳುತ್ತಾನೆ ಯೋಗೇಂದ್ರ, ಅಂದುಕೊಂಡು ಮರೆಯುತ್ತಾನೆ, ಕಣ್ಣು ಮತ್ತೆ ಕಂಪ್ಯೂಟರಿನ ಪರದೆಯ ಮೇಲಿನ ಚೌಕಗಳಿಗೆ ಹೋಗುತ್ತದೆ, ಸಾಲು ಸಾಲು ಚೌಕಗಳು, ತುಂಬಿದವು ತುಂಬದವು — ವಿಜಯನಗರದ ಈ ದೊಡ್ಡ ಕೋಣೆಯಲ್ಲಿ ಮೊದಲು ಟೈಪಿಂಗ್ ಕಲಿಸುತ್ತಿದ್ದರಂತೆ, ಯಾವ ಬೆರಳು ಯಾವ ಅಕ್ಷರಕ್ಕೆ ಎಂದು ತೋರಿಸುವ ಚಿತ್ರ ಗೋಡೆಯ ಮೇಲೆ ಇನ್ನೂ ಇದೆ, ಅದರ ಕೆಳಗೆ ಈಗ ಬೂದು ಬಣ್ಣದ ಎರಡು ಕಪಾಟು, ಮನೆಯ ಗೋದ್ರೆಜ್ ಬೀರುವಿನಷ್ಟೇ ಎತ್ತರ, ಬಿಎಸ್‌ಸಿ ಅನ್ನುತ್ತಾರೆ ಇದಕ್ಕೆ, ಬೇಸ್ ಸ್ಟೇಷನ್ ಕಂಟ್ರೋಲರ್, ಊರಿನ ಪಶ್ಚಿಮದ ಕಡೆಯ ಮೊಬೈಲ್ ಟವರುಗಳನ್ನೆಲ್ಲ ಇನ್ನು ಮೇಲೆ ಇದೇ ಆಳಬೇಕು, ಆದರೆ ಆಳುವವನಿಗೆ ತನ್ನ ಸೀಮೆ ಯಾವುದೆಂದೇ ಗೊತ್ತಿಲ್ಲ, ಪೆಟ್ಟಿಗೆಯಿಂದ ಈಚೆ ತೆಗೆದಾಗ ಇದರ ತಲೆ ಪೂರ್ತಿ ಖಾಲಿ, ಎಲ್ಲವನ್ನೂ ಒಂದೊಂದಾಗಿ ಹೇಳಿಕೊಡಬೇಕು, ನಿನ್ನ ಕೈಕೆಳಗೆ ಇಂತಿಂಥ ಟವರುಗಳಿವೆಯಪ್ಪ, ಇದು ಇಲವಾಲದ್ದು, ಇದು ವಿಜಯನಗರದ ನೀರಿನ ಟ್ಯಾಂಕಿನ ಪಕ್ಕದ್ದು, ಇದು ರಾಮಕೃಷ್ಣನಗರದ್ದು, ಒಂದೊಂದರ ಮೈಗೂ ಮೂರು ಆಂಟೆನಾ, ಮೂರು ದಿಕ್ಕಿಗೆ, ಯಾವುದು ಯಾವ ಚಾನೆಲ್ಲಿನಲ್ಲಿ ಮಾತಾಡಬೇಕು, ಎಷ್ಟು ಜೋರಾಗಿ ಮಾತಾಡಬೇಕು, ಯಾರ ಪಕ್ಕದಲ್ಲಿ ಯಾರಿದ್ದಾರೆ, ಈ ನೆರೆಹೊರೆಯ ಪಟ್ಟಿಯೇ ದೊಡ್ಡ ತಲೆನೋವು, ಹುಣಸೂರು ರಸ್ತೆಯಲ್ಲಿ ಇಲವಾಲದಿಂದ ಯಾರೋ ಕಾರಿನಲ್ಲಿ ಮಾತಾಡಿಕೊಂಡು ಬರುತ್ತಿದ್ದಾರೆ ಅಂದರೆ ಇಲವಾಲದ ಟವರು ಆ ಕರೆಯನ್ನು ಮುಂದಿನದಕ್ಕೆ ದಾಟಿಸಬೇಕು, ಅದು ಅದರ ಮುಂದಿನದಕ್ಕೆ, ತೇರು ನೋಡಲು ನಿಂತ ಹೆಂಗಸರು ಮಗುವನ್ನು ಕೈಯಿಂದ ಕೈಗೆ ದಾಟಿಸುವ ಹಾಗೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಪಕ್ಕದಲ್ಲೇ ನಿಂತಿದ್ದರೂ ಕೈ ಚಾಚುವುದಿಲ್ಲ, ಮಗು ನಡುವೆಯೇ — ಬೇಡ, ಬೇರೆ ಏನಾದರೂ ಹೋಲಿಕೆ ಹುಡುಕಬಹುದು, ಚೊಂಬು ಅನ್ನಬಹುದು, ಬಾವಿಯಿಂದ ಸಾಲಾಗಿ ದಾಟಿಸುವ ನೀರಿನ ಚೊಂಬು.

ಆಯ್ತೇನ್ರೀ ಯೋಗೇಂದ್ರ, ಸಾಯಂಕಾಲದೊಳಗೆ ಲೋಡ್ ಮಾಡ್ಬೇಕು, ಬೆಂಗಳೂರಿನವರು ಬೆಳಿಗ್ಗೆಯಿಂದ ಪ್ರಾಣ ತಿಂತಿದಾರೆ, ಇದು ಶಿವಕುಮಾರ್, ಇಲ್ಲಿನ ಕೆಲಸಕ್ಕೆಲ್ಲ ಮೇಲಿನವರು, ಬಾಗಿಲಿನಿಂದ ತಲೆ ಮಾತ್ರ ಒಳಗೆ ಹಾಕಿ ಕೇಳಿ ಹೋಗುತ್ತಾರೆ, ಆಯ್ತು ಸರ್, ಇನ್ನು ಪವರ್ ಕಾಲಮ್ ಒಂದೇ ಬಾಕಿ, ಹೌದು ಅದೊಂದೇ ಬಾಕಿ, ಅದೂ ಪೂರ್ತಿಯಲ್ಲ, ಇಲವಾಲ ಆಯಿತು, ಬೋಗಾದಿ ಆಯಿತು, ರಾಮಕೃಷ್ಣನಗರದ ಮೂರು ಚೌಕ ಮಾತ್ರ ಬಿಳಿಯಾಗಿ ಉಳಿದಿವೆ, ಮೊದಲು ಮಾಡಬಹುದಾಗಿದ್ದನ್ನು ಕೊನೆಗೆ ದೂಡಿಕೊಂಡು ಬಂದಿದ್ದಾನೆ, ತಟ್ಟೆಯಂಚಿಗೆ ಹಾಗಲಕಾಯಿ ಸರಿಸುವ ಹಾಗೆ — ಈ ಕಾಲಮಿನ ಲೆಕ್ಕವೇ ತಿರುಗುಮುರುಗು, ಸೊನ್ನೆ ಎಂದರೆ ಏನೂ ಕಡಿಮೆ ಮಾಡಬೇಡ ಎಂದು, ಪೂರ್ತಿ ಶಕ್ತಿ, ಒಂದು ಅಂದರೆ ಒಂದು ಮೆಟ್ಟಿಲು ಇಳಿಸು, ಎರಡು ಅಂದರೆ ಎರಡು, ಮೂರು ಮೆಟ್ಟಿಲು ಇಳಿಸಿದರೆ ಕಾಲುಭಾಗ ಉಳಿಯುತ್ತದೆ, ಎಲ್ಲ ಟವರಿಗೂ ಎಲ್ಲ ದಿಕ್ಕಿಗೂ ಶುರುವಿನಲ್ಲಿ ಸೊನ್ನೆಯನ್ನೇ ಕೊಡುವುದು ಪದ್ಧತಿ, ಯೋಚನೆ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ.

ರಾಮಕೃಷ್ಣನಗರದ ಟವರು ಶಿವರುದ್ರಪ್ಪನವರ ಮನೆಯ ತಾರಸಿಯ ಮೇಲಿದೆ, ಯೋಗೇಂದ್ರ ಬಾಡಿಗೆಗಿರುವ ಮನೆಯಿಂದ ಮೂರೇ ಮನೆ ಆಚೆ, ಜಾಗ ಹುಡುಕಿದವರು ಬೇರೆಯವರು, ನಕ್ಷೆಯ ಮೇಲೆ ಆ ಗುರುತು ನೋಡಿ ಅವನೇ ನಕ್ಕಿದ್ದ, ಇನ್ನು ಮನೆಯೊಳಗೆ ಸಿಗ್ನಲ್ ಸಿಗುತ್ತೆ, ಗೇಟಿನ ತನಕ ಓಡಬೇಕಾಗಿಲ್ಲ ಎಂದು, ಆದರೆ ಕಂಬ ಎದ್ದು ನಿಂತ ಮೇಲೆ ಬೀದಿಯಲ್ಲಿ ಗುಸುಗುಸು ಎದ್ದಿತು, ಒಬ್ಬರಿಗೆ ತಲೆನೋವು, ಇನ್ನೊಬ್ಬರ ಮನೆಗೆ ಗುಬ್ಬಚ್ಚಿ ಬರುವುದು ನಿಂತಿತಂತೆ, ಕಂಬಕ್ಕೆ ಇನ್ನೂ ಕರೆಂಟೇ ಕೊಟ್ಟಿಲ್ಲ ಎಂದರೆ ಯಾರೂ ಕೇಳಲೊಲ್ಲರು, ಕೊನೆಗೆ ಶಿವರುದ್ರಪ್ಪನವರೇ ಎಲ್ಲರನ್ನೂ ತಮ್ಮ ಮನೆಯಂಗಳಕ್ಕೆ ಕರೆದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಚಕ್ಕುಲಿ ಕಾಫಿ ಕೊಡಿಸಿ, ನಮ್ಮ ಬೀದೀಲೇ ಎಂಜಿನಿಯರ್ ಇದಾರೆ, ಅವರನ್ನೇ ಕೇಳಿ, ಅವರು ಬ್ಯಾಡ ಅಂದ್ರೆ ನಾಳೇನೇ ಇಳಿಸಿಬಿಡ್ತೀನಿ ಅಂದರು, ಅವನು ಎದ್ದು ನಿಂತು ಹೇಳಿದ, ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳಿದ, ಕಿರಣ ನೆತ್ತಿಯ ಮೇಲಿಂದ ದೂರಕ್ಕೆ ಹೋಗುತ್ತೆ, ಹತ್ತಿರದ ಮನೆಗಳಿಗೆ ಬೀಳುವುದು ತೀರಾ ಕಡಿಮೆ, ನಿಮ್ಮ ಜೇಬಿನ ಫೋನು ನಿಮಗೆ ಇದಕ್ಕಿಂತ ಹತ್ತಿರದ ನೆಂಟ, ಯಾರೋ ನಕ್ಕರು, ಚಿಕ್ಕಬಸವಯ್ಯ ನಗಲಿಲ್ಲ, ಅವರು ದೇವರಾಜ ಮಾರುಕಟ್ಟೆಯಲ್ಲಿ ವಿಭೂತಿ ರುದ್ರಾಕ್ಷಿ ಅಂಗಡಿ ಇಟ್ಟವರು, ಶಿವರುದ್ರಪ್ಪನವರ ಆಚೆ ಮಗ್ಗುಲಿನ ಮನೆ, ತೊಡೆಯ ಮೇಲೆ ಮೊಮ್ಮಗಳು ಲಾಸ್ಯ ಚಕ್ಕುಲಿ ಚೂರು ಮಾಡುತ್ತ ಕೂತಿತ್ತು, ಅವರು ಬೆರಳೆತ್ತಿ ಕೇಳಿದರು, ಸ್ವಾಮಿ, ನನಗೆ ಈ ವಿಜ್ಞಾನ ಎಲ್ಲ ಗೊತ್ತಾಗಲ್ಲ, ಒಂದೇ ಒಂದು ಮಾತು ಹೇಳಿ, ಮೇಲೆ ಮೂರು ಹಲಗೆ ಕಟ್ಟಿದ್ದೀರಲ್ಲ, ಒಂದು ನಮ್ಮನೆ ಕಡೆ ನೋಡ್ತದೆ, ನಿಮ್ಮನೆ ಕಡೆಗೂ ಒಂದು ಇದೆಯಾ — ಇದೆ ಯಜಮಾನ್ರೇ, ಎರಡನೆಯದು ನಮ್ಮನೆ ಕಡೆಗೇ — ಎಲ್ಲಕ್ಕೂ ಒಂದೇ ಸಮ ಬಿಡ್ತೀರಾ, ಹೆಚ್ಚು ಕಮ್ಮಿ ಏನಿಲ್ವಾ — ಒಂದೇ ಸಮ — ಹಂಗಾದ್ರೆ ಸರಿ ಬಿಡಿ, ಅವರ ಮನೆಗೆ ಏನಾಗ್ತದೋ ನಮ್ಮನೆಗೂ ಅದೇ ಆಗ್ಲಿ, ಎಂದು ಮೊಮ್ಮಗಳ ಕೈಯ ಪುಡಿ ಒರೆಸಿ ಎದ್ದರು, ಅವರು ಎದ್ದ ಮೇಲೆ ಎಲ್ಲರೂ ಎದ್ದರು, ಅಲ್ಲಿಗೆ ಮುಗಿಯಿತು ಪಂಚಾಯ್ತಿ, ಅವನು ಅಷ್ಟು ಹೊತ್ತು ಹೇಳಿದ ವಿಜ್ಞಾನ ಯಾರ ತಲೆಗೂ ಹೋಗಿರಲಿಲ್ಲ, ನಮ್ಮನೆ ಕಡೆಗೂ ಇದೆ ಅಂದದ್ದೊಂದೇ ಹೋಗಿತ್ತು.

ಆಗ ಹೆಂಡತಿ ಚಾಮು ಬಸುರಿ ಎಂದು ಅವನಿಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ, ಅದಾಗಿ ಒಂದು ವಾರಕ್ಕೋ ಹತ್ತು ದಿನಕ್ಕೋ ಅವಳು ಕಾಲೇಜಿನಿಂದ ಬಂದವಳೇ ಬ್ಯಾಗನ್ನೂ ಇಳಿಸದೆ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು, ಸಂತೋಷದ ದನಿ ಅಲ್ಲ, ಹೆದರಿಕೆಯ ದನಿಯೂ ಅಲ್ಲ, ಹಾಲಿನವನು ನಾಳೆ ಬರಲ್ವಂತೆ ಅನ್ನುವ ಹಾಗೆ, ರೀ, ಮತ್ತೆ ನಿಂತಿದೆ, ಮತ್ತೆ ಅಂದಳು, ಆ ಮತ್ತೆಯಲ್ಲೇ ಹಿಂದಿನ ಎರಡು ಇದ್ದವು, ಮೊದಲನೆಯದು ಹೋದಾಗ ಇಬ್ಬರೂ ಅತ್ತಿದ್ದರು, ಎರಡನೆಯದಕ್ಕೆ ಅಳಲಿಲ್ಲ, ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅವಳು ಹೊರಗೆ ನೋಡುತ್ತ ಜೋಡಿ ರಸ್ತೆಯ ಅಂಗಡಿಗಳ ಬೋರ್ಡುಗಳನ್ನು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು, ಓದು ಕಲಿಯುವ ಮಗುವಿನ ಹಾಗೆ, ಯಾಕೆ ಹೀಗಾಯ್ತು ಡಾಕ್ಟ್ರೇ ಎಂದು ಕೇಳಿದ್ದಕ್ಕೆ ಡಾಕ್ಟರು ಎಲ್ಲ ರಿಪೋರ್ಟೂ ತಿರುವಿಹಾಕಿ, ಕಾರಣ ಇಂಥದ್ದೇ ಅಂತ ಹೇಳಕ್ಕಾಗಲ್ಲಮ್ಮ, ಕೆಲವರಿಗೆ ಆಗುತ್ತೆ ಅಂದಿದ್ದರು — ಟವರಿನ ವಿಷಯ ತೆಗೆದದ್ದು ಅವಳಲ್ಲ, ಅವಳಮ್ಮ ಚೆಲುವಮ್ಮ, ಇಲವಾಲದಿಂದ ಸೊಪ್ಪು ಹಸಿಮೆಣಸಿನಕಾಯಿ ತುಂಬಿದ ಚೀಲ ಹೊತ್ತು ಬಂದವರು ಗೇಟು ತೆಗೆಯುವಾಗಲೇ ಮೇಲೆ ನೋಡಿ, ಅದೇನವ್ವ ಅದು, ಒಳ್ಳೆ ಗರಗಸ ನಿಲ್ಸಿದ್ದಂಗೆ, ಹೊಟ್ಟೆಲಿರೋ ಕೂಸಿಗೆ ಅದು ಆಗಕಿಲ್ವಂತೆ ಕಣಮ್ಮ, ನಮ್ಮ ಬೀದಿ ಮುದ್ದಮ್ಮ ಅಂದ್ಲು, ಅವನು ನಕ್ಕು ಅತ್ತೆಗೆ ಜೇಬಿನ ಫೋನಿನ ಮಾತು ಹೇಳಿದ, ಅವರು ಹಂಗಾರೆ ಆ ಫೋನೂ ದೂರ ಇಡಪ್ಪ ಅಂದರು, ಚಾಮು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು, ಯಾವ ಕಿರಣ ಏನನ್ನು ಒಡೆಯುತ್ತದೆ ಯಾವುದು ಒಡೆಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲಳು, ಅಮ್ಮ ಊರಿಗೆ ಹೋದ ಮೇಲೆ, ಬೆಳಗಿನ ತಿಂಡಿಯ ಹೊತ್ತಿನಲ್ಲಿ, ದೋಸೆ ಮಗುಚುತ್ತ, ಅವನ ಕಡೆ ನೋಡದೆ ಕೇಳಿದಳು, ನಮ್ಮನೆ ಕಡೆದು ಸ್ವಲ್ಪ ಕಮ್ಮಿ ಇಡಕ್ಕಾಗುತ್ತಾ — ಚಾಮು, ನಿನಗೆ ಗೊತ್ತಲ್ವಾ ಅದರಿಂದ ಏನೂ ಆಗಲ್ಲ ಅಂತ — ಗೊತ್ತು ರೀ, ಗೊತ್ತಿದ್ದೇ ಕೇಳ್ತಿದೀನಿ, ಡಾಕ್ಟ್ರು ಕಾರಣ ಗೊತ್ತಿಲ್ಲ ಅಂದ್ರಲ್ಲ, ಗೊತ್ತಿಲ್ದೇ ಇರೋದು ಯಾವುದು ಬೇಕಾದ್ರೂ ಆಗಿರಬಹುದಲ್ವಾ, ದೋಸೆ ಸೀಯಿತು, ಅವಳು ಅದನ್ನು ತನ್ನ ತಟ್ಟೆಗೆ ಹಾಕಿಕೊಂಡು ಬೇರೆ ಹುಯ್ದಳು, ಆಮೇಲೆ ಆ ಮಾತು ಎತ್ತಲಿಲ್ಲ, ಒಂದೇ ಸಲ ಕೇಳಿದ್ದು, ಎರಡನೇ ಸಲ ಕೇಳಿದ್ದರೆ ಜಗಳವಾಡಬಹುದಿತ್ತು, ಜಗಳದಲ್ಲಿ ಗೆದ್ದೂಬಿಡಬಹುದಿತ್ತು.

ಆದರೆ ಹೋದ ಭಾನುವಾರ ಅವನು ಸ್ಕೂಟರು ಒರೆಸುತ್ತ ಕೆಳಗೆ ನಿಂತಿದ್ದಾಗ ತಲೆಯೆತ್ತಿ ನೋಡಿದ, ಚಾಮು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ತಂತಿಯುದ್ದಕ್ಕೂ ಅಡ್ಡಡ್ಡ ಹೆಜ್ಜೆ ಇಡುತ್ತ, ಮೊದಲು ಗೊತ್ತಾಗಲಿಲ್ಲ ಯಾಕೆ ಹೀಗೆ ಏಡಿಯ ಹಾಗೆ ನಡೆಯುತ್ತಿದ್ದಾಳೆಂದು, ಆಮೇಲೆ ಗೊತ್ತಾಯಿತು, ಬಕೆಟ್ಟಿಗೆ ಬಗ್ಗುವಾಗಲೂ, ಎದ್ದು ತಂತಿಗೆ ಕೈ ಚಾಚುವಾಗಲೂ, ಟವರಿಗೆ ಬೆನ್ನು ಕೊಟ್ಟೇ ಇದ್ದಳು, ಒಂದು ಸಲವೂ ತಪ್ಪದೆ, ಹೊಟ್ಟೆ ಆ ಕಡೆ, ಬೆನ್ನು ಈ ಕಡೆ, ಒದ್ದೆ ರವಿಕೆಯ ಬೆನ್ನು, ಕರೆಂಟೇ ಇಲ್ಲದ ಕಬ್ಬಿಣಕ್ಕೆ.

ಟಪ್, ಡಬ್ಬಿಯೊಳಗೆ ಹನಿ, ಶಿವಕುಮಾರ್ ಒಳಗೇ ಬಂದು ಅವನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಾರೆ, ಪರದೆಯ ಮೇಲಿನ ಮೂರು ಬಿಳಿ ಚೌಕಗಳನ್ನು ನೋಡುತ್ತಾರೆ, ಮನೆಯ ವಿಷಯ ಅವರಿಗೆ ಗೊತ್ತು, ಆಸ್ಪತ್ರೆಗೆ ಹೋಗಲು ಎರಡು ಸಲವೂ ಕಾರು ಕಳಿಸಿದವರು ಅವರೇ, ರೀ ಯೋಗೇಂದ್ರ, ನಿಮ್ಮನೆ ಕಡೆದು ಬೇಕಾದ್ರೆ ಒಂಚೂರು ಇಳಿಸ್ಕೊಳ್ರಿ, ಯಾರ್ರೀ ಕೇಳ್ತಾರೆ, ಒಂದು ವರ್ಷ ಆದ್ಮೇಲೆ ಏರಿಸಿದ್ರಾಯ್ತು, ನಾನಾಗಿದ್ರೆ ಮಾಡ್ತಿದ್ದೆ ಕಣ್ರೀ — ಆಯ್ತು ಸರ್, ನೋಡ್ತೀನಿ, ಅವರು ಹೆಗಲು ತಟ್ಟಿ ಹೋಗುತ್ತಾರೆ, ಇಷ್ಟು ಸುಲಭವಾಗಿ ಯಾರೂ ಏನನ್ನೂ ಕೊಡಬಾರದು ಮನುಷ್ಯನಿಗೆ, ಅವನು ಸೊನ್ನೆ ಒತ್ತುತ್ತಾನೆ, ಮೊದಲನೆಯದಕ್ಕೆ, ಅದು ಚಿಕ್ಕಬಸವಯ್ಯನವರ ಮನೆ ಕಡೆಯದು, ಎರಡನೆಯದಕ್ಕೆ ಮೂರು ಒತ್ತುತ್ತಾನೆ, ಮೂರನೆಯದಕ್ಕೆ ಸೊನ್ನೆ, ಸೊನ್ನೆ ಮೂರು ಸೊನ್ನೆ, ನೋಡಲು ಏನೂ ಅನ್ನಿಸುವುದಿಲ್ಲ, ಯಾರೋ ಒಬ್ಬರ ಮನೆಯ ನಂಬರಿನ ಹಾಗಿದೆ, ಯಂತ್ರ ಯಾಕೆ ಎಂದು ಕೇಳುವುದಿಲ್ಲ, ಹೇಳಿದ್ದನ್ನು ನಂಬುತ್ತದೆ — ದಟ್ಟಗಳ್ಳಿಯ ಕಡೆಯ ಇಳಿಜಾರು ಎರಡನೆಯದರ ಪಾಲಿಗೆ ಬರುತ್ತದೆ, ಕಾಲುಭಾಗಕ್ಕೆ ಇಳಿಸಿದರೆ ಅಲ್ಲಿನ ಹೊಸ ಮನೆಗಳವರು ಕಿಟಕಿಗೆ ಜೋತುಬಿದ್ದು ಹಲೋ ಹಲೋ ಅನ್ನಬೇಕಾಗುತ್ತದೆ, ಒಳಬರುವ ಕರೆಗೆ ದುಡ್ಡಿಲ್ಲ ಎಂದಾದ ಮೇಲೆ ತರಕಾರಿ ಗಾಡಿಯವನ ಕೈಗೂ ಫೋನು ಬಂದಿದೆ, ಇರಲಿ, ದೂರು ಬಂದರೆ ಆಗ ನೋಡಿದರಾಯಿತು, ಅದು ದೊಡ್ಡದಲ್ಲ, ದೊಡ್ಡದು ಯಾವುದು ಹಾಗಾದರೆ, ಚಕ್ಕುಲಿ ಪುಡಿ ಮೆತ್ತಿದ ಪುಟ್ಟ ಕೈ, ಅವರ ಮನೆಗೆ ಏನಾಗ್ತದೋ ನಮ್ಮನೆಗೂ ಅದೇ ಆಗ್ಲಿ, ಅಲ್ಲ, ಆ ಮಗುವಿಗೂ ಏನೂ ಆಗುವುದಿಲ್ಲ, ಸೊನ್ನೆ ಇದ್ದರೂ ಆಗುವುದಿಲ್ಲ, ಮೂರು ಇದ್ದರೂ ಆಗುವುದಿಲ್ಲ, ಏನೂ ಆಗದಿರುವುದರಲ್ಲಿ ಒಂದಷ್ಟನ್ನು ತಾನು ಇಳಿಸಿಕೊಂಡರೆ ಯಾರ ಗಂಟು ಹೋಯಿತು, ಯಾರದ್ದೂ ಇಲ್ಲ, ಆದರೆ ಇಳಿಸಿದ ಗಳಿಗೆಯಲ್ಲಿ ಅವನು ಅದನ್ನು ನಂಬಿದ ಹಾಗಾಯಿತು, ನಂಬಿಯೂ ಆಚೆ ಮನೆಯ ಮಗುವಿನ ಕಡೆ ಸೊನ್ನೆ ಬರೆದ ಹಾಗಾಯಿತು, ಅಂಗಳದಲ್ಲಿ ಎದ್ದು ನಿಂತು ಒಂದೇ ಸಮ ಅಂದ ಬಾಯಿ ಯಾರದು ಹಾಗಾದರೆ.

ಮತ್ತೆ ಇನ್ನೊಂದಿದೆ, ಅದನ್ನು ನೇರವಾಗಿ ಯೋಚಿಸಲು ಮನಸ್ಸು ಒಪ್ಪುವುದಿಲ್ಲ, ಪಕ್ಕದಿಂದ ಬರುತ್ತದೆ ಅದು, ಈ ಸಲವೂ ಹೋದರೆ, ಕಾರಣ ಇಂಥದ್ದೇ ಎಂದು ಹೇಳಕ್ಕಾಗಲ್ಲಮ್ಮ ಎಂದು ಡಾಕ್ಟರು ಮತ್ತೆ ಅಂದರೆ, ಆಗ ಚಾಮುವಿನ ಕೈಗೆ ಒಂದು ಕಾರಣ ಸಿಕ್ಕಿರುತ್ತದೆ, ಸೊನ್ನೆ, ಕಟ್ಟಿಕೊಂಡ ಗಂಡನೇ ತನ್ನ ಬೆರಳಿನಿಂದ ಒತ್ತಿದ ಸೊನ್ನೆ, ಅವಳು ಬಾಯಿಬಿಟ್ಟು ಅನ್ನುವುದಿಲ್ಲ, ಅನ್ನದೆಯೇ ಇಪ್ಪತ್ತು ಮೂವತ್ತು ವರ್ಷ ಜೊತೆಯಲ್ಲಿ ಊಟ ಮಾಡುತ್ತಾಳೆ, ಮೂರು ಬರೆದರೆ ಅದರಿಂದ ಪಾರು, ಅಂದರೆ ಈ ಮೂರು ಮಗುವಿಗಲ್ಲ, ಚಾಮುವಿಗೂ ಅಲ್ಲ, ತನಗೆ, ತನ್ನ ಮುಂದಿನ ಊಟಗಳಿಗೆ, ಪಾರು ಅಂತಲೂ ಹೇಳಲಾಗದು, ಯಾಕೆ ಮೂರು, ನಾಲ್ಕು ಯಾಕಿಲ್ಲ, ಪೂರ್ತಿ ಯಾಕೆ ಆರಿಸಲಿಲ್ಲ ಎಂದು ಅವಳಿಗೆ ಅನ್ನಿಸದೇ ಇರುತ್ತದೆಯೇ, ಹೆದರಿಕೆಗೆ ಒಂದು ಮೆಟ್ಟಿಲು ಕೊಟ್ಟರೆ ಅದು ಅಷ್ಟಕ್ಕೇ ನಿಲ್ಲುವಂಥದ್ದಲ್ಲ — ಫೋನು ತೆಗೆದು ಕಾಲೇಜಿಗೆ ಮಾಡುತ್ತಾನೆ, ಸ್ಟಾಫ್ ರೂಮಿನಲ್ಲಿ ಯಾರೋ ಎತ್ತಿ ಚಾಮುಂಡೇಶ್ವರಿ ಮೇಡಂ ನಿಮಗೆ ಅನ್ನುತ್ತಾರೆ, ಚಪ್ಪಲಿ ಸದ್ದು, ಹೇಳಿ ರೀ, ಕ್ಲಾಸಿದೆ — ಚಾಮು, ಮನೆ ಬದಲಾಯಿಸೋಣ್ವಾ — ಎಲ್ಲಿಗೆ — ಎಲ್ಲಿಗಾದ್ರೂ, ಇಲವಾಲದ ಕಡೆ, ಅಮ್ಮನಿಗೂ ಹತ್ತಿರ — ಅವಳು ನಗುವ ಹಾಗೆ, ಅಲ್ಲೂ ಹಾಕಿದ್ದೀರಂತಲ್ಲ, ನೀವು ಎಲ್ಲಿ ಹಾಕಿಲ್ಲ ಹೇಳಿ, ಬೇಡ ಬಿಡಿ, ಗಂಟೆ ಹೊಡೀತು, ಎಂದು ಇಡುತ್ತಾಳೆ, ಅವಳೇ ಕೇಳಬಹುದಿತ್ತು ಕಡಿಮೆ ಮಾಡಿದ್ರಾ ಎಂದು, ಕೇಳಲಿಲ್ಲ, ಅವನು ಮೂರನ್ನು ಅಳಿಸುತ್ತಾನೆ, ಚೌಕ ಬಿಳಿಯಾಗುತ್ತದೆ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಅಡ್ಡಡ್ಡ ಹೆಜ್ಜೆ, ಒದ್ದೆ ಬೆನ್ನು, ಸೊನ್ನೆ ಒತ್ತುತ್ತಾನೆ, ಒತ್ತಿದ ಮೇಲೆ ಬೆರಳು ಸ್ವಲ್ಪ ಹೊತ್ತು ಆ ಗುಂಡಿಯ ಮೇಲೇ ಇರುತ್ತದೆ, ಸರ್, ಆಯ್ತು ಎಂದು ಕೂಗುತ್ತಾನೆ.

ಲೋಡಾಗುವಾಗ ಇಬ್ಬರೂ ಕೈಕಟ್ಟಿಕೊಂಡು ಕಪಾಟಿನ ಮುಂದೆ ನಿಂತರು, ಶಿವಕುಮಾರ್ ಮೂರು ಸೊನ್ನೆಗಳನ್ನೂ ನೋಡಿದರು, ಕೆಂಪು ದೀಪಗಳು ಒಂದೊಂದಾಗಿ ಹಸಿರಾದವು, ಇಲವಾಲ ಎದ್ದಿತು, ವಿಜಯನಗರ ಎದ್ದಿತು, ರಾಮಕೃಷ್ಣನಗರ ತುಸು ಸತಾಯಿಸಿ ಎದ್ದಿತು, ಅಷ್ಟೇ, ಇಷ್ಟು ತಿಂಗಳ ಕೆಲಸ ಆಗುವುದು ಹೀಗೇ, ಗಂಟೆಯಿಲ್ಲ ಜಾಗಟೆಯಿಲ್ಲ, ಸ್ಕೂಟರಿನ ಮೇಲೆ ಬೋಗಾದಿ ರಸ್ತೆ ದಾಟಿ ಆಂದೋಲನ ಸರ್ಕಲ್ಲಿಗೆ ಬರುವಷ್ಟರಲ್ಲಿ ಎಳೆಬಿಸಿಲಿನ ಹಾಗೆ ಸಂಜೆ ಬಿಸಿಲು, ಬೇಕರಿ ಮುಂದೆ ಒಬ್ಬ ಫೋನಿಗೆ ಹಲೋ ಕೇಳಿಸ್ತಿದೆ ಹೇಳು ಅನ್ನುತ್ತಿದ್ದಾನೆ, ಕೇಳಿಸುತ್ತದೆ, ಕೇಳಿಸಲೇಬೇಕು, ಬೀದಿಯ ತಿರುವಿನಲ್ಲಿ ಚಿಕ್ಕಬಸವಯ್ಯ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿಗೆ ಒರಗಿದ್ದಾರೆ, ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿದೆ, ಸ್ವಾಮಿ, ಶುರುವಾಯ್ತಾ — ಆಯ್ತು ಯಜಮಾನ್ರೇ, ಶುರುವಾಗಿ ಒಂದು ಗಂಟೆ ಆಯ್ತು — ಅವರು ತಲೆಯೆತ್ತಿ ಟವರು ನೋಡುತ್ತಾರೆ, ಲಾಸ್ಯವೂ ನೋಡುತ್ತದೆ, ಏನೂ ಕಾಣಲ್ವಲ್ಲ — ಕಾಣಲ್ಲ — ನಿಮ್ಮನೆ ಕಡೆದೂ ಆಯ್ತಾ — ಆಯ್ತು — ಸರಿ ಬಿಡಿ, ಎಂದು ಮೊಮ್ಮಗಳಿಗೆ, ಮಾಮನಿಗೆ ಟಾಟಾ ಮಾಡು ಅನ್ನುತ್ತಾರೆ, ಅದು ಮಾಡುವುದಿಲ್ಲ, ಮುಖ ತಿರುಗಿಸಿ ತಾತನ ಹೆಗಲಲ್ಲಿ ಹುದುಗಿಸುತ್ತದೆ, ಅವನಿಗೆ ಏನೋ ಭಾರ ಇಳಿದ ಹಾಗೆ, ಅರ್ಧ ಮಾತ್ರ, ಉಳಿದರ್ಧ ಹೊತ್ತು ಮನೆಯ ಮೆಟ್ಟಿಲು ಹತ್ತಬೇಕು.

ಅವಳು ತಾರಸಿಯ ಮೇಲೆಯೇ ಇದ್ದಾಳೆ, ಬೆಳಿಗ್ಗೆ ನೀರು ಬರಲಿಲ್ಲವಂತೆ, ಈಗ ಒಗೆದಿದ್ದಾಳೆ, ಇಳಿಬಿಸಿಲು ಟವರಿನ ಹಿಂದಿನಿಂದ ಬೀಳುತ್ತಿದೆ, ಬೇಗ ಬಂದ್ರಲ್ಲ — ಕೆಲಸ ಮುಗೀತು, ಅವಳ ಕೈ ಬಕೆಟ್ಟಿನೊಳಗೇ ನಿಲ್ಲುತ್ತದೆ, ಅಂದ್ರೆ ಶುರುವಾಯ್ತು ಅನ್ನಿ — ಹೂಂ — ಕಮ್ಮಿ ಇಟ್ರಾ, ಕೇಳಿಯೇಬಿಟ್ಟಳು, ಹೂಂ ಎಂದು ಇನ್ನೊಂದು ಸಲ ಅಂದರೆ ಮುಗಿಯಿತು, ಯಾರಿಗೂ ನಷ್ಟವಿಲ್ಲದ ಸುಳ್ಳು, ಅವಳು ಈ ರಾತ್ರಿ ನೆಮ್ಮದಿಯಾಗಿ ಮಲಗುತ್ತಾಳೆ, ನಾಳೆಯೂ, ಟವರಿಗೆ ಎದುರಾಗಿ ನಿಂತು ಬಟ್ಟೆ ಒಣಹಾಕುತ್ತಾಳೆ, ಹೂಂ ಎಂಬುದು ನಾಲಿಗೆಯ ಬುಡದ ತನಕ ಬಂದಿದೆ, ಇಲ್ಲ ಚಾಮು, ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸುತ್ತದೆ, ಎಲ್ಲ ಕಡೆಗೂ ಒಂದೇ ಇಟ್ಟೆ, ಚಿಕ್ಕಬಸವಯ್ಯನವರ ಮನೆಗೆ ಎಷ್ಟೋ ನಮಗೂ ಅಷ್ಟೇ, ಅವಳು ಅವನನ್ನು ನೋಡುತ್ತಾಳೆ, ಬೈಯಬಹುದು ಅಂದುಕೊಳ್ಳುತ್ತಾನೆ, ಅಳಬಹುದು, ಬಕೆಟ್ಟು ಅಲ್ಲೇ ಬಿಟ್ಟು ಕೆಳಗೆ ಹೋಗಬಹುದು — ಲಾಸ್ಯಂಗೆ ನೆನ್ನೆಯಿಂದ ಹಲ್ಲು ಬರ್ತಿದೆಯಂತೆ, ಜ್ವರ ಅಂತಿದ್ರು, ಹೇಗಿದೆ ಅಂತ ಕೇಳಿದ್ರಾ — ಇಲ್ಲ, ಕಂಕುಳಲ್ಲಿತ್ತು, ಚೆನ್ನಾಗೇ ಇತ್ತು — ಹಾಂ, ಅಷ್ಟು ಅಂದು ಬಕೆಟ್ಟಿಗೆ ಬಗ್ಗುತ್ತಾಳೆ, ಒಂದು ಟವೆಲ್ಲು ಹಿಂಡುತ್ತಾಳೆ, ಆ ಹಾಂ ಒಪ್ಪಿಗೆಯೋ, ಏನೂ ಅಲ್ಲವೋ, ಅವನಿಗೆ ತಿಳಿಯುವುದಿಲ್ಲ, ಕೇಳುವುದಕ್ಕೂ ಆಗುವುದಿಲ್ಲ, ಕಾಲು ಮಾತ್ರ ತಾನಾಗಿ ನಡೆಯುತ್ತದೆ, ಅವಳ ಹಿಂದಕ್ಕೆ ಹೋಗಿ ಅವಳಿಗೂ ಟವರಿಗೂ ನಡುವೆ ನಿಲ್ಲುತ್ತಾನೆ, ಎಂಜಿನಿಯರಿಂಗ್ ಓದಿದ ಮೈ, ಆ ತರಂಗಕ್ಕೆ ಮನುಷ್ಯನ ಮೈ ಎಷ್ಟು ಅಡ್ಡ ಎಂದು ಲೆಕ್ಕ ಬಲ್ಲ ಮೈ, ಆದರೂ ನಿಲ್ಲುತ್ತಾನೆ, ಭುಜ ಸ್ವಲ್ಪ ಅಗಲ ಮಾಡಿಕೊಂಡು, ರೀ ಪಕ್ಕಕ್ಕೆ ಸರೀರಿ, ಇರೋ ಒಂಚೂರು ಬಿಸಿಲಿಗೂ ಅಡ್ಡ, ಬಟ್ಟೆ ಒಣಗಲ್ಲ, ಅವನು ಸರಿಯುವುದಿಲ್ಲ, ಅವನ ನೆರಳು ಅವಳ ಮೇಲೆ ಬಿದ್ದಿದೆ, ಅವಳು ಎರಡು ಕ್ಲಿಪ್ಪು ಬಾಯಿಗಿಟ್ಟುಕೊಂಡು ಟವೆಲ್ಲನ್ನು ತಂತಿಗೆ ಹರಡುತ್ತಾಳೆ, ಒಂದು ಅಡ್ಡ ಹೆಜ್ಜೆ, ಅವನೂ ಒಂದು ಅಡ್ಡ ಹೆಜ್ಜೆ, ಇನ್ನೊಂದು, ಅವನೂ ಇನ್ನೊಂದು, ಈಗ ತಿರುಗಬಹುದು ಅಂದುಕೊಳ್ಳುತ್ತಾನೆ, ಈಗ, ಕಣ್ಣೆದುರಿಗೆ ಅದೇ ಒದ್ದೆ ರವಿಕೆ, ಬೆನ್ನು, ಅವನಿಗೇ ಕೊಟ್ಟ ಬೆನ್ನು.